ಎರಡು ಸಲ ಸಿಕ್ಕ ಎಲುಬುಗಳು

ಡೈನೋಸಾರ್ ಎಲುಬು ಸಿಕ್ಕಿತು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋ ಚಿತ್ರ ಒಂದೇ. ಸುಡುಬಿಸಿಲು, ಮರುಭೂಮಿ, ತಲೆಗೆ ಟೋಪಿ ಹಾಕಿಕೊಂಡ ವಿಜ್ಞಾನಿ, ಕೈಯಲ್ಲೊಂದು ಬ್ರಷ್ಷು. ಮಣ್ಣು ಸರಿಸ್ತಾನೆ, ಎಲುಬು ಕಾಣುತ್ತೆ, ಮಾರನೇ ದಿನ ಪೇಪರಲ್ಲಿ ಸುದ್ದಿ. ಸಿನಿಮಾದವರು ನಮಗೆಲ್ಲ ಕಲಿಸಿಕೊಟ್ಟ ಪಳೆಯುಳಿಕೆ ಶಾಸ್ತ್ರ ಇದು.

ನಮ್ಮ ದೇಶದ ಡೈನೋಸಾರ್‌ಗಳ ಚರಿತ್ರೆ ಓದ್ತಾ ಹೋದರೆ ಬೇರೆಯದೇ ಚಿತ್ರ ಸಿಗುತ್ತೆ. ಇಲ್ಲಿ ಎಷ್ಟೋ ದೊಡ್ಡ ಸಂಗತಿಗಳು ಗೊತ್ತಾಗಿದ್ದು ಗುದ್ದಲಿ ಬಿದ್ದ ದಿನ ಅಲ್ಲ. ಎಲುಬು ನೆಲದಿಂದ ಎದ್ದು ಬಂದು, ಯಾವುದೋ ಕಚೇರಿಯ ಕಪಾಟಿನಲ್ಲಿ ಹತ್ತೋ ಇಪ್ಪತ್ತೋ ನೂರೋ ವರ್ಷ ಧೂಳು ಹಿಡಿದು ಕೂತಿದ್ದು, ಆಮೇಲೆ ಯಾರೋ ಒಬ್ಬರು ಬಂದು "ಇದನ್ನ ಸ್ವಲ್ಪ ಮತ್ತೆ ನೋಡೋಣ" ಅಂದ ದಿನ. ಅಂಥ ಕೆಲವು ಕತೆಗಳನ್ನು ಇಲ್ಲಿ ಹೇಳ್ತೀನಿ. ಕೊನೆಗೆ ಇದರಲ್ಲಿ ನಮಗೇನು ಕೆಲಸ ಅನ್ನೋದನ್ನೂ ನೋಡೋಣ.

ಜಬಲ್ಪುರದ ಬಾಲದ ಮೂಳೆ

1828ನೇ ಇಸವಿ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ವಿಲಿಯಂ ಹೆನ್ರಿ ಸ್ಲೀಮನ್ ಎಂಬ ಅಧಿಕಾರಿಗೆ ಜಬಲ್ಪುರದ ಬಾರಾ ಸಿಮ್ಲಾ ಗುಡ್ಡದಲ್ಲಿ ಕಲ್ಲಾಗಿ ಹೋದ ಎಲುಬುಗಳು ಸಿಕ್ಕವು. ಥಗ್ಗರನ್ನು ಹಿಡಿದು ಹಾಕಿದವನು ಅಂತ ಇತಿಹಾಸದ ಪುಸ್ತಕದಲ್ಲಿ ಬರ್ತಾನಲ್ಲ, ಅದೇ ಸ್ಲೀಮನ್. ಆಗಿನ್ನೂ ಡೈನೋಸಾರ್ ಅನ್ನೋ ಪದವೇ ಹುಟ್ಟಿರಲಿಲ್ಲ. ರಿಚರ್ಡ್ ಓವನ್ ಆ ಪದ ಕೊಟ್ಟಿದ್ದು 1842ರಲ್ಲಿ. ಇಂಗ್ಲೆಂಡಿನ ಮೆಗಲೋಸಾರಸ್‌ಗೆ ಹೆಸರಿಟ್ಟು ಆಗ ನಾಲ್ಕೇ ವರ್ಷ ಆಗಿತ್ತು. ಅಂದ್ರೆ ಈ ವಿಷಯದಲ್ಲಿ ನಮ್ಮ ನೆಲ ಯಾರಿಗಿಂತಲೂ ತಡವಾಗಿ ಬಾಯಿ ಬಿಟ್ಟಿದ್ದಲ್ಲ.

ಎಲುಬುಗಳು ಜಬಲ್ಪುರದಲ್ಲೇ ಇದ್ದ ಸ್ಪಿಲ್ಸ್‌ಬರಿ ಎಂಬ ಡಾಕ್ಟರ ಕೈಗೆ ಬಂದವು. ಅಲ್ಲಿಂದ 1832ರಲ್ಲಿ ಕಲ್ಕತ್ತದ ಜೇಮ್ಸ್ ಪ್ರಿನ್ಸೆಪ್ ಬಳಿ ಹೋದವು. ಈ ಪ್ರಿನ್ಸೆಪ್ ಯಾರು ಅಂತೀರಾ? ಕೆಲವೇ ವರ್ಷಗಳ ನಂತರ ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಓದಿ ತೋರಿಸಿದ ಮಹಾನುಭಾವ. ಆದರೆ ಈ ಎಲುಬನ್ನು ಓದಲು ಇನ್ನೂ ಒಂದು ತಲೆಮಾರು ಬೇಕಾಯಿತು. 1877ರಲ್ಲಿ ರಿಚರ್ಡ್ ಲಿಡೆಕ್ಕರ್ ಆ ಬಾಲದ ಮೂಳೆಗಳನ್ನು ನೋಡಿ, ಇದು ಯಾರೂ ಕಾಣದ ಹೊಸ ಪ್ರಾಣಿ ಅಂತ ತೀರ್ಮಾನಿಸಿ 'ಟೈಟಾನೋಸಾರಸ್ ಇಂಡಿಕಸ್' ಅಂತ ಹೆಸರಿಟ್ಟ.

ಆಮೇಲೆ ಪ್ರಪಂಚದ ಬೇರೆ ಬೇರೆ ಕಡೆ ಇದರ ನೆಂಟರು ಸಿಗ್ತಾ ಹೋದರು. ಆ ಇಡೀ ಬಳಗಕ್ಕೆ ಈಗ ಟೈಟಾನೋಸಾರ್ ಅಂತಲೇ ಹೆಸರು. ಅರ್ಜೆಂಟೀನಾದಲ್ಲಿ ಸಿಕ್ಕ ಅರ್ಜೆಂಟಿನೋಸಾರಸ್, ಪಟಗೋಟೈಟನ್ ಇವೆಲ್ಲ ಇದೇ ಬಳಗದವು. ಭೂಮಿಯ ಮೇಲೆ ನಡೆದಾಡಿದ ಅತಿ ದೊಡ್ಡ ಪ್ರಾಣಿಗಳ ಮನೆತನದ ಹೆಸರು ಹುಟ್ಟಿದ್ದು ಜಬಲ್ಪುರದ ಒಂದು ಸಣ್ಣ ಗುಡ್ಡದಲ್ಲಿ.

ತಮಾಷೆ ಏನು ಗೊತ್ತಾ? ಅಷ್ಟು ದೊಡ್ಡ ಹೆಸರು ಕೊಟ್ಟ ಆ ಮೂಳೆಗಳೇ ಮಧ್ಯದಲ್ಲಿ ಕಾಣೆಯಾದವು. ಪುಸ್ತಕದಲ್ಲಿ ಹೆಸರಿದೆ, ಚಿತ್ರ ಇದೆ, ಮೂಳೆ ಎಲ್ಲಿದೆ ಅಂದ್ರೆ ಯಾರಿಗೂ ಗೊತ್ತಿಲ್ಲ. ದಶಕಗಳ ಕಾಲ ಅವು ಕಳೆದೇ ಹೋದವು ಅಂತ ಎಲ್ಲರೂ ನಂಬಿದ್ದರು. 2012ರಲ್ಲಿ ಧನಂಜಯ ಮೊಹಬೆ, ಸುಭಾಸಿಸ್ ಸೇನ್ ಮತ್ತು ಅಮೆರಿಕದ ಜೆಫ್ರಿ ವಿಲ್ಸನ್ ಅವರ ಹುಡುಕಾಟದಲ್ಲಿ, ಅವುಗಳಲ್ಲೊಂದು ಮೂಳೆ ಕೋಲ್ಕತ್ತದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಸಂಗ್ರಹದಲ್ಲೇ ಸಿಕ್ಕಿತು. ಈ ಸಂಸ್ಥೆಯನ್ನು ಎಲ್ಲರೂ ಜಿಎಸ್‌ಐ ಅಂತಾರೆ, ನಾನೂ ಹಾಗೇ ಕರೀತೀನಿ. ಸುದ್ದಿ ಬಂದಿದ್ದು 2013ರಲ್ಲಿ, ನಮ್ಮ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಗುಡ್ಡದಲ್ಲಿ ಮೊದಲ ಸಲ ಸಿಕ್ಕಿದ 184 ವರ್ಷಕ್ಕೆ, ಮನೆಯೊಳಗೇ ಎರಡನೇ ಸಲ ಸಿಕ್ಕಿತು.

ಎಲ್ಲ ಮೂಳೆಗಳಿಗೂ ಈ ಅದೃಷ್ಟ ಇರಲಿಲ್ಲ. ಅದೇ ಬಾರಾ ಸಿಮ್ಲಾ ಗುಡ್ಡದಲ್ಲಿ 1917ರಿಂದೀಚೆಗೆ ಚಾರ್ಲ್ಸ್ ಮ್ಯಾಟ್ಲಿ ಎಂಬಾತ ಅಗೆದು, ಸಿಕ್ಕ ಕೆಲವು ಮೂಳೆಗಳಿಗೆ 1920ರ ದಶಕದಲ್ಲಿ 'ಲಮೇಟಾಸಾರಸ್' ಅಂತ ಹೆಸರಿಟ್ಟ. ಮೈಮೇಲೆ ರಕ್ಷಾಕವಚ ಇದ್ದ ಪ್ರಾಣಿ ಅಂತ ವಿವರಿಸಿದ. ಮುಂದೆ ಬಂದವರಿಗೆ ಅನುಮಾನ ಹುಟ್ಟಿತು: ಕಾಲಿನ ಮೂಳೆ ಮಾಂಸ ತಿನ್ನುವ ಪ್ರಾಣಿಯದು, ಕವಚ ಸೊಪ್ಪು ತಿನ್ನುವ ಟೈಟಾನೋಸಾರ್‌ದು, ಎರಡನ್ನೂ ಸೇರಿಸಿ ಒಂದು ಮಾಡಿದ್ದಾರೇನೋ ಅಂತ. ತೆಗೆದು ನೋಡಿದ್ದರೆ ಅನುಮಾನ ಬಗೆಹರಿಯುತ್ತಿತ್ತು. ಆದರೆ ಆ ಮೂಳೆಗಳು ಈಗ ಇಲ್ಲ. ಹೀಗಾಗಿ ಲಮೇಟಾಸಾರಸ್ ಅಂತೊಂದು ಪ್ರಾಣಿ ಇತ್ತೋ ಇಲ್ಲವೋ ಅನ್ನೋ ಪ್ರಶ್ನೆ ಹಾಗೇ ಉಳಿದಿದೆ.

ಕಲ್ಲಾದ ಸಗಣಿಯೊಳಗಿನ ಹುಲ್ಲು

ಎರಡನೇ ಕತೆ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಪಿಸ್ದೂರಾ ಎಂಬ ಹಳ್ಳಿಯದು. ಹಳ್ಳಿಯಲ್ಲಿ ಬೆಳೆದ ನನಗೆ ಬಹಳ ಇಷ್ಟವಾದ ಕತೆ, ಯಾಕಂದ್ರೆ ಇದು ಸಗಣಿಯ ಕತೆ.

ಸಗಣಿಯೂ ಪಳೆಯುಳಿಕೆ ಆಗುತ್ತೆ. ಬಿದ್ದ ಸಗಣಿ ಬೇಗ ಕೆಸರಿನಡಿ ಹೂತು ಹೋಗಿ, ನೀರಿನಲ್ಲಿ ಕರಗಿದ ಖನಿಜಗಳು ಒಳಗೆ ಸೇರಿ ಗಟ್ಟಿಯಾದರೆ ಅದು ಕಲ್ಲು. ಪಿಸ್ದೂರಾದ ಹೊಲಗಳಲ್ಲಿ ಇಂಥ ಕಲ್ಲುಗಳು ಸಿಗುತ್ತವೆ ಅನ್ನೋದು ಹಳೇ ವಿಷಯ. ಅದೇ ಮ್ಯಾಟ್ಲಿ 1939ರಲ್ಲೇ ಅವುಗಳ ಬಗ್ಗೆ ಬರೆದಿದ್ದ. ಆಕಾರ ಹೇಗಿದೆ, ಯಾವ ಪ್ರಾಣಿಯದಿರಬಹುದು ಅಂತೆಲ್ಲ ಚರ್ಚೆ ಆಗಿತ್ತು. ಅಲ್ಲಿಗೆ ಆ ವಿಷಯ ಮುಗಿಯಿತು ಅಂತಲೇ ಅನ್ನಿ.

ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಂದನಾ ಪ್ರಸಾದ್ ಮತ್ತು ಅವರ ಜೊತೆಗಾರರು ಅದನ್ನು ಒಡೆದು, ಕರಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟರು. ಹುಡುಕಿದ್ದು ಏನನ್ನು? ಮರಳಿನ ಕಣಗಳಂಥ ಒಂದು ವಸ್ತುವನ್ನು. ಕಬ್ಬಿನ ಗದ್ದೆಯಲ್ಲಿ ಓಡಾಡಿದವರಿಗೆ ಗೊತ್ತಿರುತ್ತೆ, ಗರಿ ತಾಗಿದರೆ ಕೈ ಕೊಯ್ದು ಹೋಗುತ್ತೆ. ಹುಲ್ಲಿನ ಜಾತಿಯ ಗಿಡಗಳು ಮಣ್ಣಿನಿಂದ ಸಿಲಿಕಾ ಹೀರಿಕೊಂಡು ಎಲೆಯೊಳಗೆ ಸಣ್ಣ ಸಣ್ಣ ಗಾಜಿನ ಹರಳುಗಳ ಹಾಗೆ ಇಟ್ಟುಕೊಂಡಿರುತ್ತವೆ. ಎಲೆ ಕೊಳೆತರೂ, ಪ್ರಾಣಿಯ ಹೊಟ್ಟೆಯಲ್ಲಿ ಅರೆದು ಹೋದರೂ ಈ ಕಣಗಳು ಹಾಗೇ ಉಳಿಯುತ್ತವೆ. ಇನ್ನೂ ಒಂದು ಅನುಕೂಲ ಅಂದ್ರೆ, ಗಿಡದ ಗುಂಪು ಬೇರೆಯಾದರೆ ಕಣದ ಆಕಾರವೂ ಬೇರೆ.

ಪಿಸ್ದೂರಾದ ಸಗಣಿಕಲ್ಲಿನಲ್ಲಿ ತಾಳೆ, ಸೂಚಿಪರ್ಣಿ ಮರಗಳ ಗುರುತುಗಳ ಜೊತೆ ಹುಲ್ಲಿನ ಕಣಗಳೂ ಸಿಕ್ಕವು. ಒಂದಲ್ಲ, ಕನಿಷ್ಠ ಐದು ಬಗೆಯ ಹುಲ್ಲು. 2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಪ್ರಪಂಚದ ವಿಜ್ಞಾನಿಗಳು ಹುಬ್ಬೇರಿಸಿದರು. ಕಾರಣ ಇಷ್ಟೇ: ಡೈನೋಸಾರ್‌ಗಳೆಲ್ಲ ಅಳಿದ ಮೇಲೆಯೇ ಹುಲ್ಲುಗಳು ಹೀಗೆ ಬಗೆಬಗೆಯಾಗಿ ಹರಡಿದ್ದು ಅಂತ ಅಲ್ಲಿಯವರೆಗೆ ನಂಬಿಕೆ ಇತ್ತು. ಡೈನೋಸಾರ್ ಚಿತ್ರ ಬರೆಯುವವರು ಕಾಲಡಿ ಜರೀಗಿಡ ಬರೀಬೇಕು, ಹುಲ್ಲು ಬರೆದರೆ ತಪ್ಪು ಅನ್ನುವ ಮಟ್ಟಿಗೆ. ಅಲ್ಲಿ ಸಿಗುವ ಎಲುಬುಗಳನ್ನು ನೋಡಿ ಟೈಟಾನೋಸಾರ್‌ದು ಎಂದು ಗುರುತಿಸಿದ ಆ ಸಗಣಿ, ನಂಬಿಕೆಯನ್ನೇ ತಲೆಕೆಳಗು ಮಾಡಿತು. 2011ರಲ್ಲಿ ಇದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಭತ್ತದ ಬಳಗಕ್ಕೆ ಸೇರಿದ ಹುಲ್ಲುಗಳೂ ಆ ಕಾಲಕ್ಕೇ ಇದ್ದವು ಅಂತ ತೋರಿಸಿತು.

ನಾವು ತಿನ್ನೋ ಅಕ್ಕಿ, ರಾಗಿ, ಜೋಳ, ಕೊನೆಗೆ ಕಾಫಿಗೆ ಹಾಕೋ ಸಕ್ಕರೆ ಕೂಡ ಹುಲ್ಲಿನದೇ ಕೊಡುಗೆ. ಅದರ ವಂಶಾವಳಿಯ ಒಂದು ಪುಟ ಎಪ್ಪತ್ತು ವರ್ಷದ ಹಿಂದೆ ಎಲ್ಲರೂ ನೋಡಿ ಬಿಟ್ಟಿದ್ದ ಸಗಣಿಕಲ್ಲಿನೊಳಗೆ ಇತ್ತು. ಮ್ಯಾಟ್ಲಿಗೆ ಕಾಣಲಿಲ್ಲ ಅಂದ್ರೆ ಅವನು ದಡ್ಡ ಅಂತಲ್ಲ. ಅವನ ಕಾಲದಲ್ಲಿ ಆ ಕಲ್ಲಿಗೆ ಈ ಪ್ರಶ್ನೆ ಕೇಳಬಹುದು ಅನ್ನೋದೇ ಯಾರಿಗೂ ಹೊಳೆದಿರಲಿಲ್ಲ.

ಗೂಡಿಗೆ ಬಂದ ಹಾವು

ಮೂರನೆಯದು ಗುಜರಾತಿನ ಕತೆ. ನನ್ನ ಮಟ್ಟಿಗೆ ನಮ್ಮ ದೇಶದ ಪಳೆಯುಳಿಕೆಗಳಲ್ಲೆಲ್ಲ ಇದೇ ದೊಡ್ಡದು.

1980ರ ದಶಕದಲ್ಲಿ ಗುಜರಾತಿನ ಢೋಲಿ ಡುಂಗ್ರಿ ಎಂಬ ಹಳ್ಳಿಯ ಹತ್ತಿರ, ಆಗ ಜಿಎಸ್‌ಐನಲ್ಲಿದ್ದ ಧನಂಜಯ ಮೊಹಬೆ ಅವರಿಗೆ ಒಂದು ಕಲ್ಲಿನ ಹಾಸು ಸಿಕ್ಕಿತು. ಮೇಲೆ ಜಬಲ್ಪುರದ ಕತೆಯಲ್ಲಿ ಬಂದರಲ್ಲ, ಅವರೇ. ಕಲ್ಲಿನಲ್ಲಿ ಟೈಟಾನೋಸಾರ್ ಮೊಟ್ಟೆಗಳು, ಪಕ್ಕದಲ್ಲಿ ಸಣ್ಣ ಸಣ್ಣ ಎಲುಬುಗಳು. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿ ಅಂತ ಅವರು ಗುರುತಿಸಿದರು. ಡೈನೋಸಾರ್ ಮರಿಯ ಎಲುಬು ಸಿಗೋದೇ ಅಪರೂಪ, ಹಾಗಾಗಿ ಅದೇ ದೊಡ್ಡ ಸುದ್ದಿ. 1987ರಲ್ಲಿ ಅವರ ಬರಹ ಪ್ರಕಟವಾಯಿತು. ಅದೂ ಬೆಂಗಳೂರಿನಿಂದಲೇ ಬರುವ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ.

ಹದಿನಾಲ್ಕು ವರ್ಷ ಕಳೆಯಿತು. 2001ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಜೆಫ್ರಿ ವಿಲ್ಸನ್ ಭಾರತಕ್ಕೆ ಬಂದವರು ಆ ಕಲ್ಲನ್ನು ನೋಡಿದರು. ಅವರ ಕಣ್ಣು ಒಂದು ಸಾಲು ಬೆನ್ನುಮೂಳೆಯ ಮೇಲೆ ನಿಂತಿತು. ಹಾವಿನ ಬೆನ್ನುಮೂಳೆಗೆ ಒಂದು ವಿಶೇಷ ಇದೆ. ಎಲ್ಲ ಪ್ರಾಣಿಗಳಿಗೂ ಇರುವ ಕೀಲುಗಳ ಜೊತೆಗೆ ಇನ್ನೊಂದು ಕೀಲು ಹೆಚ್ಚಿಗೆ ಇರುತ್ತೆ. ಒಂದು ಮಣಿಯಿಂದ ಹೊರಟ ಗೂಟ ಮುಂದಿನ ಮಣಿಯ ಗುಳಿಯಲ್ಲಿ ಕೂತು, ಬಡಗಿ ಕೂಡಿಸಿದ ಬಾಗಿಲ ಚೌಕಟ್ಟಿನ ಹಾಗೆ ಬಿಗಿಯಾಗಿ ಹಿಡಿದುಕೊಳ್ಳುತ್ತೆ. ಮೈಯೆಲ್ಲ ಬಳುಕಿದರೂ ಬೆನ್ನು ತಿರುಚಿಕೊಳ್ಳದೆ ಇರೋದಕ್ಕೆ ಈ ಏರ್ಪಾಡು. ಮೊಟ್ಟೆಯ ಪಕ್ಕದಲ್ಲಿದ್ದ ಆ ಮಣಿಗಳಲ್ಲಿ ಇದೇ ಬೀಗ ಕಾಣಿಸಿತು. ಅಂದ್ರೆ ಎಲುಬುಗಳೆಲ್ಲ ಮರಿಯದಲ್ಲ. ಒಂದಿಷ್ಟು ಹಾವಿನದು.

ನಂತರ ಜಿಎಸ್‌ಐ ಜೊತೆ ಒಪ್ಪಂದ ಆಗಿ, ಕಲ್ಲು ಮಿಷಿಗನ್‌ಗೆ ಹೋಗಿ, ಎಲುಬಿಗೆ ಅಂಟಿದ್ದ ಮಣ್ಣುಕಲ್ಲನ್ನು ಚೂರು ಚೂರಾಗಿ ಬಿಡಿಸಿದರು. 2010ರ ಮಾರ್ಚ್‌ನಲ್ಲಿ ವಿಲ್ಸನ್, ಮೊಹಬೆ ಮತ್ತು ಇನ್ನಿಬ್ಬರು ಸೇರಿ ಪೂರ್ತಿ ಚಿತ್ರವನ್ನು ಪ್ರಪಂಚದ ಮುಂದಿಟ್ಟರು.

ಆ ಚಿತ್ರ ಹೀಗಿದೆ. ಸುಮಾರು 6.7 ಕೋಟಿ ವರ್ಷದ ಹಿಂದೆ, ಮರಳು ಮಣ್ಣಿನಲ್ಲಿ ಒಂದು ಟೈಟಾನೋಸಾರ್ ಗೂಡು. ಒಳಗೆ ಮೂರು ಮೊಟ್ಟೆ, ಒಂದೊಂದೂ ಸುಮಾರು 16 ಸೆಂಟಿಮೀಟರ್ ಅಗಲ. ಒಂದು ಮೊಟ್ಟೆ ಒಡೆದಿದೆ. ಅದರ ಪಕ್ಕದಲ್ಲಿ ಅರ್ಧ ಮೀಟರ್ ಉದ್ದದ ಮರಿ. ಒಡೆದ ಮೊಟ್ಟೆಯನ್ನು ಸುತ್ತಿಕೊಂಡು ಮೂರೂವರೆ ಮೀಟರ್ ಉದ್ದದ ಹಾವು, ಸುರುಳಿಯ ಮೇಲೆ ತಲೆ ಇಟ್ಟುಕೊಂಡು ಕೂತಿದೆ. ಅಷ್ಟರಲ್ಲಿ ಜೋರು ಮಳೆಗೆ ಮಣ್ಣು ಕುಸಿದಿರಬೇಕು. ಮರಿ, ಮೊಟ್ಟೆ, ಹಾವು ಎಲ್ಲ ಇದ್ದ ಭಂಗಿಯಲ್ಲೇ ಮುಚ್ಚಿಹೋದವು. ಹಾವಿಗೆ ತುತ್ತು ದಕ್ಕಲಿಲ್ಲ. ಮರಿಯೂ ಬದುಕಲಿಲ್ಲ.

ಹಾವಿಗೆ 'ಸನಾಜೆ ಇಂಡಿಕಸ್' ಅಂತ ಹೆಸರಿಟ್ಟರು. ಸಂಸ್ಕೃತ ಮೂಲದ ಹೆಸರು, ಪುರಾತನ ಕಾಲದ ಬಾಯಗಲ ಅನ್ನೋ ಅರ್ಥ. ಇಡೀ ಗುಟ್ಟು ಆ ಬಾಯಲ್ಲೇ ಇದೆ. ಇವತ್ತಿನ ಹೆಬ್ಬಾವಿನ ದವಡೆ ಸಡಿಲ, ತನ್ನ ತಲೆಗಿಂತ ಎಷ್ಟೋ ದಪ್ಪದ ಪ್ರಾಣಿಯನ್ನು ನುಂಗುತ್ತೆ. ಸನಾಜೆಗೆ ಅಷ್ಟು ಅಗಲ ಬಾಯಿ ತೆರೆಯೋಕೆ ಆಗ್ತಿರಲಿಲ್ಲ. ಗುಂಡನೆಯ ದೊಡ್ಡ ಮೊಟ್ಟೆಯನ್ನು ನುಂಗೋದು ಕಷ್ಟ. ಅದಕ್ಕೇ ಮರಿ ಹೊರಬರುವ ಹೊತ್ತಿಗೆ ಕಾದು ಹಿಡಿಯುತ್ತಿತ್ತು ಅನ್ನೋದು ವಿಜ್ಞಾನಿಗಳ ವಾದ. ಅದೇ ಜಾಗದಲ್ಲಿ ಮೊಟ್ಟೆಗಳ ಜೊತೆ ಬೇರೆ ಹಾವುಗಳ ಎಲುಬೂ ಸಿಕ್ಕಿರೋದರಿಂದ, ಇದು ಎಲ್ಲೋ ಒಂದು ದಿನ ದಾರಿ ತಪ್ಪಿ ಬಂದ ಹಾವಲ್ಲ, ಗೂಡುಗಳ ಕಡೆ ಬರೋದು ಇವುಗಳ ರೂಢಿಯೇ ಆಗಿತ್ತು ಅಂತ ಕಾಣುತ್ತೆ.

ಬೆಳೆದು ಹತ್ತಿಪ್ಪತ್ತು ಮೀಟರ್ ಆಗಬೇಕಾದ ಜೀವ ಹುಟ್ಟಿದ ದಿನ ಮೊಣಕೈಗಿಂತ ಸ್ವಲ್ಪ ಉದ್ದ. ಕಾಯೋಕೆ ತಾಯಿ ಹತ್ತಿರ ಇರಲಿಲ್ಲವಾ? ಇದಕ್ಕೆ ಉತ್ತರ ನರ್ಮದಾ ಕಣಿವೆಯ ಬೇರೆ ಗೂಡುಗಳಿಂದ ಬಂತು. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಸಿಕ್ಕ 92 ಗೂಡು, 256 ಮೊಟ್ಟೆಗಳ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಗೂಡುಗಳು ಒಂದಕ್ಕೊಂದು ಎಷ್ಟು ಹತ್ತಿರ ಇದ್ದವು ಅಂದ್ರೆ, ಅಷ್ಟು ದೊಡ್ಡ ಪ್ರಾಣಿ ಮಧ್ಯೆ ಕಾಲಿಟ್ಟು ಓಡಾಡೋಕೆ ಜಾಗವೇ ಇಲ್ಲ. ಹಾಗಾಗಿ ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ, ಆಮೆಗಳ ಹಾಗೆ ಬಿಟ್ಟು ಹೋಗ್ತಿದ್ದವು ಅಂತ ತಿಳೀತಾರೆ. ಕಾವಲಿಲ್ಲದ ಗೂಡಿಗೆ ಹಾವು ಬರದೇ ಇರುತ್ತಾ?

ನಕ್ಷೆ ಬರೆದಿಟ್ಟವರು

ಮತ್ತೆ ನೋಡಿದರೆ ಹೊಸದು ಕಾಣುತ್ತೆ, ಸರಿ. ಆದರೆ ಮತ್ತೆ ನೋಡೋಕೆ ಮೊದಲ ಸಲ ನೋಡಿದವರು ಸರಿಯಾಗಿ ಬರೆದಿಟ್ಟಿರಬೇಕು. ಇದಕ್ಕೆ ಗುಜರಾತಿನದೇ ಇನ್ನೊಂದು ಉದಾಹರಣೆ. ಬಾಲಾಸಿನೋರ್ ಹತ್ತಿರದ ರೈಯೋಲಿಯಲ್ಲಿ 1982ರಿಂದ 84ರವರೆಗೆ ಜಿಎಸ್‌ಐನ ಸುರೇಶ್ ಶ್ರೀವಾಸ್ತವ ಎಲುಬುಗಳನ್ನು ಅಗೆದು ತೆಗೆದರು. ತೆಗೆದು ಚೀಲಕ್ಕೆ ತುಂಬಿಕೊಂಡು ಹೋಗಲಿಲ್ಲ. ಯಾವ ಎಲುಬು ಎಲ್ಲಿ ಬಿದ್ದಿತ್ತು, ಯಾವುದರ ಪಕ್ಕ ಯಾವುದಿತ್ತು ಅಂತ ನಕ್ಷೆ ಬರೆದಿಟ್ಟರು. ಸುಮಾರು ಎರಡು ದಶಕದ ನಂತರ ಭಾರತ ಮತ್ತು ಅಮೆರಿಕದ ತಂಡ ಆ ಎಲುಬುಗಳ ಜೊತೆ ನಕ್ಷೆಯನ್ನೂ ಹರಡಿಕೊಂಡು ಕೂತಾಗ, ಚದುರಿದ ತುಂಡುಗಳಲ್ಲಿ ಒಂದೇ ಪ್ರಾಣಿಗೆ ಸೇರಿದವು ಯಾವುವು ಅನ್ನೋದು ಗೊತ್ತಾಯಿತು. 2003ರಲ್ಲಿ ಅದಕ್ಕೆ 'ರಾಜಾಸಾರಸ್ ನರ್ಮದೆನ್ಸಿಸ್' ಅಂತ ಹೆಸರಾಯಿತು. ಹಣೆಯ ಮೇಲೆ ಒಂದು ಗಿಡ್ಡ ಕೊಂಬಿದ್ದ, ಮಾಂಸ ತಿನ್ನುವ ಪ್ರಾಣಿ. ಮಡಗಾಸ್ಕರ್‌ನಲ್ಲಿ ಸಿಕ್ಕ ಮಜುಂಗಾಸಾರಸ್‌ಗೆ ದಾಯಾದಿ. ಈ ಎರಡೂ ನೆಲ ಒಂದು ಕಾಲಕ್ಕೆ ಒಂದೇ ಆಗಿದ್ದವು ಅನ್ನೋದಕ್ಕೆ ಎಲುಬಿನ ಸಾಕ್ಷಿ.

ಲಮೇಟಾಸಾರಸ್‌ನಲ್ಲಿ ಎಡವಿದ್ದು ಇದೇ ಪ್ರಶ್ನೆಗೆ, ಯಾವ ಮೂಳೆ ಯಾರದು ಅಂತ. ಅಲ್ಲಿ ಸಾಮಾನೇ ಉಳಿಯಲಿಲ್ಲ. ಇಲ್ಲಿ ಸಾಮಾನೂ ಉಳಿಯಿತು, ನಕ್ಷೆಯೂ ಉಳಿಯಿತು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇದೇ. ಹತ್ತು ವರ್ಷದ ಹಿಂದೆ ಯಾರೋ ಬರೆದ ಕೋಡ್ ನಮ್ಮ ತಲೆಗೆ ಬೀಳುತ್ತೆ. ಬರೆದವನು ಕಂಪನಿ ಬಿಟ್ಟು ಹೋಗಿರ್ತಾನೆ. ಪಕ್ಕದಲ್ಲಿ ಎರಡು ಸಾಲು ಟಿಪ್ಪಣಿ ಬರೆದಿಟ್ಟಿದ್ದರೆ ಅವನಿಗೊಂದು ನಮಸ್ಕಾರ, ಇಲ್ಲದಿದ್ದರೆ ರಾತ್ರಿಯೆಲ್ಲ ಜಾಗರಣೆ. ವ್ಯತ್ಯಾಸ ಇಷ್ಟೇ: ಕೋಡನ್ನು ಕಷ್ಟಪಟ್ಟಾದರೂ ಮತ್ತೆ ಬರೀಬಹುದು, ಒಂದು ಗೂಡನ್ನು ಮತ್ತೆ ಹೂಳೋಕೆ ಆಗಲ್ಲ.

ನಮ್ಮ ಕಡೆ ಯಾಕಿಲ್ಲ?

ಇಷ್ಟು ಓದಿದವರಿಗೆ ಸಹಜವಾಗಿ ಬರೋ ಪ್ರಶ್ನೆ: ಗುಜರಾತಲ್ಲಿದೆ, ಮಧ್ಯಪ್ರದೇಶದಲ್ಲಿದೆ, ಕರ್ನಾಟಕದ ಗದ್ದೆ ಹೊಲದಲ್ಲಿ ಡೈನೋಸಾರ್ ಯಾಕೆ ಸಿಗಲ್ಲ? ಉತ್ತರ ನಮ್ಮ ಕಲ್ಲಿನ ವಯಸ್ಸಿನಲ್ಲಿದೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಡೈನೋಸಾರ್‌ಗಳು ಅಳಿದಿದ್ದು 6.6 ಕೋಟಿ ವರ್ಷದ ಹಿಂದೆ. ಅಷ್ಟು ಹಳೇ ಬಂಡೆಯಲ್ಲಿ ಅವುಗಳನ್ನು ಹುಡುಕೋದು ಅಂದ್ರೆ ಅಜ್ಜನ ಮದುವೆ ಫೋಟೋದಲ್ಲಿ ಮೊಮ್ಮಗನನ್ನು ಹುಡುಕಿದ ಹಾಗೆ.

ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪು ಕಲ್ಲು ಮಾತ್ರ ಬೇರೆ. ಡೈನೋಸಾರ್‌ಗಳ ಕೊನೆಗಾಲದಲ್ಲಿ ಪಶ್ಚಿಮ ಭಾರತದ ಮೇಲೆಲ್ಲ ಹರಿದ ಲಾವಾ ಅದು. ಒಂದು ಸಲ ಲಾವಾ ಹರಿದು ಆರಿ, ಮೇಲೆ ಕೆರೆ ಕುಂಟೆ ಆಗಿ, ಮತ್ತೆ ಲಾವಾ ಬಂದು ಮುಚ್ಚಿದ ಕಡೆ ನಡುವೆ ಒಂದು ಪದರ ಮಣ್ಣು ಉಳಿದಿರುತ್ತೆ. ಗುರುಮಠಕಲ್ ಹತ್ತಿರ ಅಂಥ ಪದರದಲ್ಲಿ ಸಿಹಿನೀರಿನ ಸಣ್ಣ ಸಣ್ಣ ಚಿಪ್ಪುಜೀವಿಗಳ ಪಳೆಯುಳಿಕೆ ಸಿಕ್ಕಿವೆ. ಬರಿಗಣ್ಣಿಗೆ ಮರಳಿನ ಕಣದ ಹಾಗೆ ಕಾಣುವಂಥವು. ಡೈನೋಸಾರ್‌ನಷ್ಟು ಗತ್ತು ಅವಕ್ಕಿಲ್ಲ, ನಿಜ. ಆದರೆ ಸಗಣಿಕಲ್ಲಿಗೂ ಗತ್ತು ಇರಲಿಲ್ಲ ಅಲ್ವಾ?

ಕೊನೆಗೆ

ಬಾಲಾಸಿನೋರಿನ ಹಳೇ ರಾಜಮನೆತನದ ಆಲಿಯಾ ಸುಲ್ತಾನಾ ಬಾಬಿ ಅವರು ಪಕ್ಕದ ಹಳ್ಳಿಯ ಮನೆಯೊಂದರಲ್ಲಿ ಮಸಾಲೆ ಅರೆಯೋಕೆ ಡೈನೋಸಾರ್ ಮೊಟ್ಟೆ ಬಳಸ್ತಿದ್ದುದನ್ನು ಕಂಡ ವಿಷಯ ಪತ್ರಿಕೆಗಳಲ್ಲಿ ಬಂದಿತ್ತು. ಓದಿ ನಕ್ಕವರೇ ಹೆಚ್ಚು. ನನಗೆ ಆ ಮನೆಯವರ ಮೇಲೆ ನಗು ಬರಲ್ಲ. ದುಂಡಗಿನ ಗಟ್ಟಿ ಕಲ್ಲು ಸಿಕ್ಕರೆ ನಮ್ಮೂರಲ್ಲೂ ಅದನ್ನೇ ಮಾಡ್ತಾರೆ. ಅವರ ಮನೇಲಿ ಕಲ್ಲು ಕನಿಷ್ಠ ಉಳಿದಿತ್ತು. ಎಷ್ಟೋ ಕಡೆ ಇಂಥ ಸುಣ್ಣದ ಕಲ್ಲು ಹೋಗೋದು ಸಿಮೆಂಟಿಗೆ, ಜಲ್ಲಿಗೆ, ರಸ್ತೆಗೆ. ಇನ್ನೊಂದಿಷ್ಟು ಹೋಗೋದು ಕದ್ದು ಮಾರುವವರ ಕೈಗೆ.

ಪಳೆಯುಳಿಕೆಗಳನ್ನು ಕಾಪಾಡೋಕೆ ಅಂತಲೇ ಒಂದು ಕಾನೂನಿನ ಕರಡನ್ನು ಕೇಂದ್ರ ಸರ್ಕಾರ ಜನರ ಮುಂದಿಟ್ಟಿದ್ದು 2022ರ ಡಿಸೆಂಬರ್‌ನಲ್ಲಿ. ಸ್ಲೀಮನ್ ಎಲುಬು ಹೆಕ್ಕಿ 194 ವರ್ಷ ಆದ ಮೇಲೆ! ಆ ಕರಡಿನ ಬಗ್ಗೆಯೂ ವಿಜ್ಞಾನಿಗಳಲ್ಲಿ ತಕರಾರು ಇತ್ತು. ಎಲ್ಲ ಅಧಿಕಾರವನ್ನೂ ಜಿಎಸ್‌ಐ ಒಂದಕ್ಕೇ ಕೊಟ್ಟರೆ ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡುವವರ ಗತಿ ಏನು ಅಂತ. ಜಗಳ ಮಾಡಲಿ, ಒಳ್ಳೆಯದೇ. ಆದರೆ ಅಷ್ಟರೊಳಗೆ ಕ್ವಾರಿಯ ಮಷೀನು ನಿಲ್ಲೋದಿಲ್ಲ.

ಕಾನೂನು ಬರೋವರೆಗೆ ನಾವು ಮಾಡಬಹುದಾದ್ದು ಸಣ್ಣದೇ. ಹೊಲ ಉಳುವಾಗಲೋ, ಬಾವಿ ತೋಡುವಾಗಲೋ, ಚಾರಣಕ್ಕೆ ಹೋದಾಗಲೋ ಕಲ್ಲಿನಲ್ಲಿ ಚಿಪ್ಪು, ಎಲೆ, ಎಲುಬಿನ ಗುರುತು ಕಂಡರೆ ಕಿತ್ತು ಮನೆಗೆ ತರಬೇಡಿ. ಇದ್ದ ಹಾಗೇ ಫೋಟೋ ತೆಗೀರಿ. ಪಕ್ಕದಲ್ಲಿ ಒಂದು ಪೆನ್ನೋ ನಾಣ್ಯವೋ ಇಟ್ಟರೆ ಅಳತೆ ಗೊತ್ತಾಗುತ್ತೆ. ಫೋನಲ್ಲಿ ಜಾಗ ಗುರುತು ಹಾಕಿಕೊಳ್ಳಿ. ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೋ, ಬೆಂಗಳೂರಿನ ಜಿಎಸ್‌ಐ ಕಚೇರಿಗೋ ತಿಳಿಸಿ. ಹತ್ತರಲ್ಲಿ ಒಂಬತ್ತು ಸಲ ಅದು ಬರೀ ಕಲ್ಲೇ ಆಗಿರುತ್ತೆ, ಆಗಲಿ. ಹತ್ತನೇದು ಏನು ಅಂತ ಇವತ್ತೇ ಗೊತ್ತಾಗಬೇಕು ಅಂತಲೂ ಇಲ್ಲ. ಎಲ್ಲಿ ಸಿಕ್ಕಿತು ಅನ್ನೋ ಚೀಟಿಯ ಜೊತೆ ಅದು ಒಂದು ಕಪಾಟು ಸೇರಿದರೆ ಸಾಕು. ಈಗ ಅಂಗನವಾಡಿಯಲ್ಲಿ ಕೂತಿರೋ ಯಾವುದೋ ಹುಡುಗಿ ಮುಂದೊಂದು ದಿನ ಆ ಕಪಾಟಿನ ಬಾಗಿಲು ತೆಗೀತಾಳೆ.